ಪೇಪರ್ ರೋಲ್ ನೇತುಹಾಕೋದು ಯಾವುದಕ್ಕೆ? ಸ್ಟ್ಯಾಂಡ್, ಗೋಡೆ, ತೊಲೆ, ಮೋಟರ್ – ಮಲೆನಾಡಿನ ಸ್ಟುಡಿಯೋಗೆ ಒಂದು ಹೋಲಿಕೆ

ಮೊದಲ ಸಲ ಸೀಮ್‌ಲೆಸ್ ಪೇಪರ್ ರೋಲ್ (ಫೋಟೋ ತೆಗೆಯುವಾಗ ಹಿಂದೆ ಇಳಿಬಿಡುವ, ನಡುವೆ ಜೋಡಣೆಯಿಲ್ಲದ ಅಗಲ ಕಾಗದದ ಸುರುಳಿ) ತರಿಸಿದಾಗ ನನಗೆ ಕಾಟ ಕೊಟ್ಟಿದ್ದು ಲೈಟಿಂಗ್ ಅಲ್ಲ, ಮೆಟ್ಟಿಲು. ರೋಲಿನ ಉದ್ದ 107 ಇಂಚು. ಹತ್ತಿರ ಹತ್ತಿರ 9 ಅಡಿ. ನನ್ನ ಸ್ಟುಡಿಯೋ ಆಗ ಶಿವಮೊಗ್ಗದ ದುರ್ಗಿಗುಡಿಯಲ್ಲಿ, ಮೊದಲ ಮಹಡಿಯಲ್ಲಿತ್ತು. ಮೆಟ್ಟಿಲು ಅರ್ಧ ಹತ್ತಿದ ಮೇಲೆ ತಿರುಗುತ್ತದೆ. ರೋಲ್ ತಿರುಗಲಿಲ್ಲ. ಬಗ್ಗಿಸಿದರೆ ಕಾಗದ ಮಡಚುತ್ತದೆ, ಮಡಚಿದರೆ ದುಡ್ಡು ಹೋಯಿತು. ಕೊನೆಗೆ ಪಕ್ಕದ ಅಂಗಡಿಯ ಹುಡುಗ ಬಾಲ್ಕನಿಯಿಂದ ಹಗ್ಗ ಇಳಿಬಿಟ್ಟ. ಬಾವಿಯಿಂದ ನೀರು ಸೇದಿದ ಹಾಗೆ ಇಬ್ಬರೂ ಸೇರಿ ಮೇಲೆಳೆದುಕೊಂಡೆವು.

ಆಮೇಲೆ ಗೊತ್ತಾಯಿತು, ರೋಲ್ ನೇತುಹಾಕುವ ವಿಷಯವೂ ಹೀಗೇ. ಯಾವ ಸೆಟ್ ಚೆನ್ನಾಗಿದೆ ಅಂತ ಮೊದಲು ಕೇಳಬೇಡಿ. ನಿಮ್ಮ ಗೋಡೆ ಯಾವುದರದ್ದು, ಮೇಲೆ ಆರ್‌ಸಿಸಿಯೋ ಹೆಂಚೋ, ಕಟ್ಟಡ ಸ್ವಂತದ್ದೋ ಬಾಡಿಗೆಯದ್ದೋ, ಅದನ್ನು ಮೊದಲು ನೋಡಿ. ಅರ್ಧ ಉತ್ತರ ಅಲ್ಲೇ ಸಿಗುತ್ತದೆ.

ಮೊದಲು ತೂಕ, ಅಳತೆ

ಮಾರುಕಟ್ಟೆಯಲ್ಲಿ ಸಾಮಾನ್ಯವಾಗಿ ಸಿಗುವ ಕಾಗದದ ಅಗಲ, ಅಂದರೆ ಸುತ್ತಿದ ರೋಲಿನ ಉದ್ದ, 53 ಇಂಚು ಮತ್ತು 107 ಇಂಚು. ಕೆಲವು ಕಂಪನಿಗಳಲ್ಲಿ 86 ಇಂಚು ಇದೆ. 140 ಇಂಚಿನದ್ದೂ ಇದೆ, ಆದರೆ ಅದು ಕಾರು, ಸೋಫಾ, ದೊಡ್ಡ ಗುಂಪು ತೆಗೆಯುವವರಿಗೆ. ಬಿಚ್ಚಿದ ಕಾಗದದ ಉದ್ದ ಹೆಚ್ಚಾಗಿ 11 ಮೀಟರ್.

ತೂಕ ನೀವೇ ಲೆಕ್ಕ ಹಾಕಬಹುದು. 107 ಇಂಚು ಅಂದರೆ 2.72 ಮೀಟರ್. 11 ಮೀಟರಿಗೆ ಗುಣಿಸಿದರೆ ಸುಮಾರು 30 ಚದರ ಮೀಟರ್. ಕಾಗದ ಚದರ ಮೀಟರಿಗೆ 150 ಗ್ರಾಂ ಆಸುಪಾಸು. ಅಲ್ಲಿಗೆ ನಾಲ್ಕೂವರೆ ಕೆಜಿ. ಒಳಗಿನ ರಟ್ಟಿನ ಕೊಳವೆ ಸೇರಿಸಿ ಐದೂವರೆ, ಆರು ಕೆಜಿ ಇಟ್ಟುಕೊಳ್ಳಿ. ಇದೇ ಅಗಲದ 25 ಮೀಟರ್ ರೋಲಾದರೆ ಕಾಗದವೇ 10 ಕೆಜಿ.

ಆರು ಕೆಜಿ ಏನು ಮಹಾ, ಅಲ್ವಾ? ನಮ್ಮ ಆಚಾರ್ರು ಹಾಗೇ ನಕ್ಕಿದ್ದರು. "ಕಾಗದ ನೇತುಹಾಕೋಕೆ ಇಷ್ಟು ದಪ್ಪ ಬೋಲ್ಟಾ ಮಾರಾಯ್ರೇ?" ಅಂತ. ಆದರೆ ಕಷ್ಟ ತೂಕದ್ದಲ್ಲ, ಉದ್ದದ್ದು. ಒಂಬತ್ತಡಿ ಕೊಳವೆಯನ್ನು ಎರಡು ತುದಿಯಲ್ಲಿ ಮಾತ್ರ ಹಿಡಿದರೆ ನಡು ಜೋಲುತ್ತದೆ. ನಡು ಜೋತರೆ ಕಾಗದದ ಮೇಲೆ ಅಲೆ ಬರುತ್ತದೆ. ಬಿಳಿ ಪೇಪರಿನಲ್ಲಿ ಲೈಟು ಜಾಸ್ತಿ ಬಿಟ್ಟು ಮುಚ್ಚಿಹಾಕಬಹುದು. ಬೂದು ಬಣ್ಣದ್ದರಲ್ಲಿ ಪ್ರತಿ ಅಲೆಯೂ ಫೋಟೋದಲ್ಲಿ ಕಾಣುತ್ತದೆ.

ಇನ್ನೊಂದು ಮಾತು. ನಿಮ್ಮದು ಬರೀ ಪಾಸ್‌ಪೋರ್ಟ್ ಸೈಜ್ ಫೋಟೋ, ಮಾರ್ಕ್ಸ್ ಕಾರ್ಡ್ ಫೋಟೋ ಅಂದರೆ ಈ ಬರಹವೇ ನಿಮಗೆ ಬೇಡ. ಬಿಳಿ ಬಣ್ಣ ಹೊಡೆದ ಗೋಡೆ ಸಾಕು. ಸೊಂಟದವರೆಗಿನ ಫೋಟೋ, ಆಭರಣ, ತಿಂಡಿ ಪ್ಯಾಕೆಟ್ ತೆಗೆಯುವವರಿಗೆ 53 ಇಂಚು ಧಾರಾಳ. 107 ಇಂಚಿನ ರೋಲನ್ನು ನಡುವೆ ಗಟ್ಟಿಯಾಗಿ ಟೇಪ್ ಸುತ್ತಿ, ಸಣ್ಣ ಹಲ್ಲಿನ ಗರಗಸದಲ್ಲಿ ಕೊಯ್ದು ಎರಡು ಮಾಡಿಕೊಳ್ಳುವವರೂ ಇದ್ದಾರೆ. ನಾನೂ ಒಮ್ಮೆ ಮಾಡಿದ್ದೇನೆ. ಅಂಚು ಸ್ವಲ್ಪ ಪಿಸಿಯುತ್ತದೆ, ಉಪ್ಪುಕಾಗದ ತಿಕ್ಕಿದರೆ ಸರಿಹೋಗುತ್ತದೆ. ಜೋಡಿ ಫೋಟೋ, ಸೀರೆಯ ಪೂರ್ತಿ ಉದ್ದದ ಫೋಟೋ, ಮಗು ಕೂರಿಸಿ ತೆಗೆಯೋದು ಇದ್ದರೆ 107 ಇಲ್ಲದೆ ಆಗುವುದಿಲ್ಲ.

ಸ್ಟ್ಯಾಂಡ್ ಸೆಟ್: ಅಗ್ಗ, ಆದರೆ ಜಾಗ ತಿನ್ನುತ್ತದೆ

ಎರಡು ಟ್ರೈಪಾಡಿನಂಥ ಕಂಬ, ನಡುವೆ ಮೂರ್ನಾಲ್ಕು ತುಂಡು ಜೋಡಿಸುವ ಅಡ್ಡ ಪೈಪು. ಎರಡು-ಮೂರು ಸಾವಿರ ರೂಪಾಯಿಯ ಆಸುಪಾಸಿನಲ್ಲಿ ಸಿಗುತ್ತದೆ. ಎಲ್ಲರೂ ಇಲ್ಲಿಂದಲೇ ಶುರು ಮಾಡುತ್ತಾರೆ, ತಪ್ಪೇನಿಲ್ಲ. ಮದುವೆ ಮನೆಗೆ, ಶಾಲೆಯ ಫೋಟೋಗೆ ಹೊತ್ತುಕೊಂಡು ಹೋಗುವವರಿಗೆ ಬೇರೆ ದಾರಿಯೂ ಇಲ್ಲ.

ಆದರೆ ಅಳತೆ ನೋಡಿಕೊಳ್ಳಿ. 107 ಇಂಚಿನ ರೋಲ್ ಹಾಕಲು ಅಡ್ಡ ಪೈಪು 3 ಮೀಟರ್ ಬೇಕು. ಅದೇ ಹತ್ತಡಿ ಆಯಿತು. ಮೇಲೆ ಎರಡೂ ಕಡೆ ಕಾಲು ಅಗಲಿಸಬೇಕು. ಹನ್ನೆರಡು ಅಡಿ ಇಲ್ಲದೆ ನೆಮ್ಮದಿಯಾಗಿ ನಿಲ್ಲುವುದಿಲ್ಲ. ನಮ್ಮೂರ ಮಳಿಗೆಗಳು ಹೆಚ್ಚಾಗಿ ಹತ್ತಡಿ ಅಗಲ. ಕಾಲು ಮಡಚಿ ನಿಲ್ಲಿಸಿದರೆ ಏನಾಗುತ್ತದೆ ಅಂತ ನನ್ನ ಕಣ್ಣಾರೆ ನೋಡಿದ್ದೇನೆ.

ಒಂದು ವರ್ಷದ ಮಗು. ಹುಟ್ಟುಹಬ್ಬದ ಫೋಟೋ. ಪೇಪರ್ ಕೆಳಗಿಳಿಯದ ಹಾಗೆ ರೋಲಿಗೆ ಬಟ್ಟೆ ಒಣಹಾಕುವ ಕ್ಲಿಪ್ ಹಾಕಿದ್ದೆ. ದೊಡ್ಡ ಕ್ಲ್ಯಾಂಪ್ ಎಲ್ಲೋ ಇಟ್ಟು ಮರೆತಿದ್ದೆ. ಮಗು ಗೊಂಬೆ ಬಿಟ್ಟು ಅಂಬೆಗಾಲಿಟ್ಟು ಪೇಪರಿನ ಅಂಚಿಗೆ ಬಂತು, ಹಿಡಿದು ಒಂದು ಸಲ ಎಳೆಯಿತು. ಮೊದಲು ಕ್ಲಿಪ್ ಹಾರಿತು. ಆಮೇಲೆ ಸುರ್ ಅಂತ ರೋಲ್ ಬಿಚ್ಚತೊಡಗಿತು. ನಾನು ರೋಲ್ ಹಿಡಿಯಲು ಓಡಿದೆ. ಆ ಗಡಿಬಿಡಿಯಲ್ಲಿ ನನ್ನ ಕಾಲೇ ಸ್ಟ್ಯಾಂಡಿಗೆ ತಗುಲಿತು. ಕಂಬ ವಾಲಿದ್ದು ಕಂಡು ಮಗುವಿನ ಸೋದರಮಾವ ಎದ್ದು ಅಡ್ಡ ಪೈಪನ್ನು ಗಾಳಿಯಲ್ಲೇ ಹಿಡಿದುಕೊಂಡ. ಮಗುವಿಗೆ ಏನೂ ಆಗಲಿಲ್ಲ, ನಗುತ್ತಲೇ ಇತ್ತು. ನನ್ನ ಕೈ ಮಾತ್ರ ಆ ಇಡೀ ದಿನ ನಡುಗುತ್ತಿತ್ತು. ಏಳೆಂಟು ಮೀಟರ್ ಬಿಳಿ ಪೇಪರ್ ನೆಲದ ಮೇಲೆ ಮುದ್ದೆಯಾಗಿ ಬಿದ್ದಿತ್ತು.

ಅದರ ಮರುದಿನ ಹಳೆಯ ಜೀನ್ಸ್ ಪ್ಯಾಂಟಿನ ಕಾಲು ಕತ್ತರಿಸಿ, ಸಣ್ಣ ಜಲ್ಲಿ ತುಂಬಿ, ಟೈಲರ್ ಹತ್ತಿರ ಎರಡೂ ತುದಿ ಹೊಲಿಸಿದೆ. ಒಂದೊಂದು ಆರೇಳು ಕೆಜಿ ಬಂತು. ಸ್ಟ್ಯಾಂಡಿನ ಬುಡಕ್ಕೆ ಎರಡೂ ಕಡೆ ಒಂದೊಂದು. ಕಾಲು ಪೂರ್ತಿ ಅಗಲಿಸಿ, ಮೂರರಲ್ಲಿ ಒಂದು ಕಾಲು ಕ್ಯಾಮೆರಾ ಕಡೆಗೆ ಇರುವ ಹಾಗೆ ನಿಲ್ಲಿಸಿ. ಯಾಕೆಂದರೆ ಪೇಪರ್ ಎಳೆದಾಗ ಸ್ಟ್ಯಾಂಡ್ ಮುಂದಕ್ಕೇ ವಾಲುವುದು. ರೋಲಿನ ಎರಡೂ ತುದಿಗೆ ಗಟ್ಟಿ ಸ್ಪ್ರಿಂಗ್ ಕ್ಲ್ಯಾಂಪ್ ಹಾಕಿ. ಒಂದೇ ಕಡೆ ಹಾಕಿದರೆ ಇನ್ನೊಂದು ಕಡೆ ಸಡಿಲವಾಗಿ ಪೇಪರ್ ಓರೆಯಾಗುತ್ತದೆ.

ಹೊರಗಡೆ ಕೆಲಸಕ್ಕೆ ಸ್ಟ್ಯಾಂಡ್ ಇರಲಿ. ಸ್ಟುಡಿಯೋದಲ್ಲಿ ದಿನಾ ಬಳಸಲು, ಅದರಲ್ಲೂ ಮಕ್ಕಳ ಫೋಟೋಗೆ, ನಾನು ಅದನ್ನು ಹೇಳಲಾರೆ.

ನೆಲಕ್ಕೂ ಸೀಲಿಂಗಿಗೂ ಒತ್ತಿ ನಿಲ್ಲುವ ಕಂಬ

ಇದು ಕಾರು ಎತ್ತುವ ಜಾಕ್ ಥರ. ಕಂಬ ಉದ್ದ ಮಾಡಿ, ಮೇಲಿನ ರಬ್ಬರ್ ಸೀಲಿಂಗಿಗೆ ತಾಗಿಸಿ, ಲಿವರ್ ಒತ್ತಿದರೆ ಬಿಗಿಯಾಗುತ್ತದೆ. ಮ್ಯಾನ್‌ಫ್ರೊಟ್ಟೊ ಕಂಪನಿಯ ಆಟೋಪೋಲ್ ಇದರಲ್ಲಿ ಹೆಸರುವಾಸಿ. ಅದರ ಸಾಮಾನ್ಯ ಮಾದರಿ 2.1 ಮೀಟರಿನಿಂದ 3.7 ಮೀಟರ್ ಎತ್ತರದವರೆಗೆ ಏಳುತ್ತದೆ. ಬೆಲೆ ಕೇಳಿದರೆ ಒಂದು ಕ್ಷಣ ಸುಮ್ನೆ ಕೂರಬೇಕಾಗುತ್ತದೆ. ಆದರೆ ಗೋಡೆಗೆ ತೂತು ಬೇಡ, ಕಾಲು ಅಡ್ಡ ಬರುವುದಿಲ್ಲ, ಹತ್ತಡಿ ಅಗಲದಲ್ಲೂ ಕೂರುತ್ತದೆ. ಮಾಲೀಕರು ಮೊಳೆ ಹೊಡೆಯಲು ಬಿಡದ ಬಾಡಿಗೆ ಮಳಿಗೆಗೆ ಇದಕ್ಕಿಂತ ಒಳ್ಳೆಯದು ನನಗೆ ಗೊತ್ತಿಲ್ಲ.

ಷರತ್ತು ಒಂದೇ. ಮೇಲೆ ಆರ್‌ಸಿಸಿ ಇರಬೇಕು. ಜಿಪ್ಸಮ್ ಫಾಲ್ಸ್ ಸೀಲಿಂಗ್ ಇದ್ದರೆ ಕಂಬ ಅದನ್ನೇ ಒಡೆದು ಮೇಲೆ ಹೋಗುತ್ತದೆ. ಹಳೆಯ ಮನೆಗಳ ಮರದ ಮುಚ್ಚಿಗೆಗೆ ಒತ್ತಿದರೆ ಹಲಗೆ ಏಳುತ್ತದೆ, ಕಂಬ ಸಡಿಲವಾಗುತ್ತದೆ. ಹೆಂಚಿನ ಮನೆಯಲ್ಲಂತೂ ಕೇಳಲೇಬೇಡಿ.

ಗೋಡೆಗೆ ಕೊಕ್ಕೆ, ಪಕ್ಕದಲ್ಲಿ ಚೈನು

ನಾನು ಈಗ ಬಳಸುತ್ತಿರುವುದು ಇದು. ಗೋಡೆಯ ಎರಡು ಕಡೆ ಮೂರು ರೋಲ್ ಹಿಡಿಯುವ ಕೊಕ್ಕೆ. ರೋಲಿನ ಎರಡು ತುದಿಗೆ ಒಂದೊಂದು ಪ್ಲಗ್. ಪ್ಲಗ್ಗಿನ ತಿರುಪು ತಿರುಗಿಸಿದರೆ ಅದು ರಟ್ಟಿನ ಕೊಳವೆಯೊಳಗೆ ಉಬ್ಬಿ ಹಿಡಿದುಕೊಳ್ಳುತ್ತದೆ. ಒಂದು ತುದಿಯಲ್ಲಿ ಕಿಟಕಿ ಬ್ಲೈಂಡಿಗೆ ಇರುವ ಥರದ ಚೈನು. ಎಳೆದರೆ ಪೇಪರ್ ಇಳಿಯುತ್ತದೆ, ಇನ್ನೊಂದು ಕಡೆ ಎಳೆದರೆ ಏರುತ್ತದೆ. ಬಿಳಿ, ಬೂದು, ಕಪ್ಪು ಮೂರೂ ಮೇಲೆಯೇ ಇರುತ್ತವೆ. ಗಿರಾಕಿ ಕೂತಿದ್ದಾಗ ಅರ್ಧ ನಿಮಿಷದಲ್ಲಿ ಬಣ್ಣ ಬದಲು.

ಇಲ್ಲಿ ಎಲ್ಲವೂ ನಿಂತಿರುವುದು ಗೋಡೆಯ ಮೇಲೆ. ಮೂರು ರೋಲ್ ಅಂದರೆ 18 ಕೆಜಿ. ಒಳಗೆ ಕಬ್ಬಿಣದ ಪೈಪು ಹಾಕಿದರೆ 40 ಕೆಜಿ ಹತ್ತಿರ. ಒಂದೊಂದು ಕೊಕ್ಕೆಗೆ 20. ಮೇಲೆ ಚೈನು ಜಗ್ಗುವ ಎಳೆತ ಬೇರೆ.

ಸಿಮೆಂಟ್ ಬೀಮ್ ಸಿಕ್ಕಿದರೆ ಯೋಚನೆಯೇ ಇಲ್ಲ, ಆಂಕರ್ ಬೋಲ್ಟ್ ಹೊಡೆದು ಮರೆತುಬಿಡಿ. ಇಟ್ಟಿಗೆ ಗೋಡೆಯೂ ಪರವಾಗಿಲ್ಲ, ಡ್ರಿಲ್ಲಿನ ತೂತು ಇಟ್ಟಿಗೆಯ ನಡುಭಾಗಕ್ಕೆ ಬೀಳಲಿ, ಸಂದಿಯಲ್ಲಿ ಬೇಡ. ಟೊಳ್ಳು ಸಿಮೆಂಟ್ ಬ್ಲಾಕ್ ಆದರೆ ಬೋಲ್ಟ್ ಉಬ್ಬಿ ಹಿಡಿಯಲು ಒಳಗೆ ಏನೂ ಇರುವುದಿಲ್ಲ. ನಮ್ಮ ಕಡೆ ಜಾಸ್ತಿ ಇರುವ ಜಂಬಿಟ್ಟಿಗೆ ಗೋಡೆಯದ್ದು ಬೇರೆಯೇ ಕಥೆ. ಡ್ರಿಲ್ ಇಟ್ಟರೆ ಬೆಣ್ಣೆಯಂತೆ ಇಳಿಯುತ್ತದೆ, ಕೆಂಪು ಪುಡಿ ಉದುರುತ್ತದೆ, 10 ಮಿ.ಮೀ. ಬಿಟ್‌ಗೆ 14 ಮಿ.ಮೀ. ತೂತಾಗುತ್ತದೆ. ಉಬ್ಬುವ ಬೋಲ್ಟ್ ಬಿಗಿ ಮಾಡಿದಷ್ಟೂ ಕಲ್ಲು ಒಳಗೇ ಪುಡಿಯಾಗುತ್ತದೆ. ಹಾಕಿದ ದಿನ ಗಟ್ಟಿ ಅನಿಸುತ್ತದೆ. ತಿಂಗಳ ಮೇಲೆ ಕೈಯಲ್ಲಿ ಹಿಡಿದರೆ ಅಲ್ಲಾಡುತ್ತದೆ.

ನಮ್ಮ ಆಚಾರ್ರು ಮಾಡಿದ ಉಪಾಯ ಇದು. ಒಂದೂವರೆ ಇಂಚು ದಪ್ಪದ, ನಾಲ್ಕಡಿ ಉದ್ದದ ಎರಡು ಮತ್ತಿ ಹಲಗೆ. ಅದನ್ನು ನೆಟ್ಟಗೆ ನಿಲ್ಲಿಸಿ ಗೋಡೆಗೆ ಆರು ಕಡೆ ಹಿಡಿಸಿದರು. ಮೇಲಿನ ಎರಡು ಬೋಲ್ಟ್ ಗೋಡೆಯ ಆಚೆ ಬದಿಗೆ ಪೂರ್ತಿ ದಾಟಿಸಿ, ಅಲ್ಲಿ ಅಂಗೈ ಅಗಲದ ಕಬ್ಬಿಣದ ಪಟ್ಟಿ ಇಟ್ಟು ನಟ್ ಹಾಕಿದರು. ಕೊಕ್ಕೆ ಗೋಡೆಗಲ್ಲ, ಹಲಗೆಗೆ. ತೂಕ ಒಂದೇ ತೂತಿನ ಮೇಲೆ ಬೀಳದೆ ಹಲಗೆಯುದ್ದಕ್ಕೂ ಹಂಚಿಹೋಗುತ್ತದೆ. ಆಚೆ ಬದಿ ಬೇರೆಯವರ ಅಂಗಡಿಯಾಗಿ ದಾಟಿಸಲು ಆಗದಿದ್ದರೆ ಕೆಮಿಕಲ್ ಆಂಕರ್ ಹಾಕಿಸಿ. ಅದು ಉಬ್ಬುವುದಿಲ್ಲ, ಅಂಟಿನ ಥರ ಕಲ್ಲಿಗೆ ಕಚ್ಚಿಕೊಳ್ಳುತ್ತದೆ.

ರಸಮಟ್ಟ ಇಡದೆ ಎರಡನೇ ಕೊಕ್ಕೆ ಹಾಕಬೇಡಿ. ಸೀಲಿಂಗಿನಿಂದ ಟೇಪ್ ಹಿಡಿದು ಅಳೆದರೆ ಸಾಲದು, ಸೀಲಿಂಗೇ ಸೊಟ್ಟ ಇರುತ್ತದೆ. ಒಂದು ತುದಿ ಅರ್ಧ ಇಂಚು ಕೆಳಗಿದ್ದರೂ ಪೇಪರ್ ಸುತ್ತುವಾಗ ನಿಧಾನಕ್ಕೆ ಆ ಕಡೆ ಜರುಗುತ್ತದೆ. ಹತ್ತು ಸಲ ಏರಿಸಿ ಇಳಿಸುವಷ್ಟರಲ್ಲಿ ಅಂಚು ಕೊಕ್ಕೆಗೆ ಉಜ್ಜಿ ಹರಿಯುತ್ತದೆ.

ಎತ್ತರ ಎಂಟೂವರೆ, ಒಂಬತ್ತಡಿ ಸಿಕ್ಕಿದರೆ ನಿಂತವರ ತಲೆ ಮೇಲೆ ಜಾಗ ಉಳಿಯುತ್ತದೆ. ಫ್ಯಾನಿನ ರೆಕ್ಕೆ ಎಲ್ಲಿ ಬರುತ್ತದೆ ನೋಡಿಕೊಳ್ಳಿ. ಫ್ಯಾನ್ ಗಾಳಿಗೆ ಇಳಿಬಿಟ್ಟ ಪೇಪರ್ ಹಡಗಿನ ಹಾಯಿಯಂತೆ ಉಬ್ಬುತ್ತದೆ. ಏಪ್ರಿಲ್‌ನಲ್ಲಿ ಶಿವಮೊಗ್ಗದಲ್ಲಿ ಫ್ಯಾನ್ ಆರಿಸಿ ಮದುಮಗನಿಗೆ ಕೋಟು ಹಾಕಿಸಿ ನಿಲ್ಲಿಸುವ ಕಷ್ಟ ನನಗೂ ಗೊತ್ತು, ಬೇರೆ ದಾರಿ ಇಲ್ಲ.

ಚೈನನ್ನು ಬಾಗಿಲ ಕಡೆ ಬಿಡಬೇಡಿ. ಕೆಲಸ ಮುಗಿದ ಮೇಲೆ ಐದಡಿ ಎತ್ತರದಲ್ಲಿ ಒಂದು ಮೊಳೆಗೆ ಸುತ್ತಿಡಿ. ಕುಣಿಕೆಯಂತೆ ಕೆಳಗೆ ತೂಗುವ ಚೈನು ಮಕ್ಕಳ ಕುತ್ತಿಗೆಗೆ ಬೀಳಬಹುದು. ಇದೊಂದರಲ್ಲಿ ಉದಾಸೀನ ಬೇಡವೇ ಬೇಡ.

ಒಳಗಿನ ಪೈಪು

ಚೈನಿನ ಸೆಟ್ಟಿಗೆ ಅಡ್ಡ ಪೈಪು ಬೇಡ, ರಟ್ಟಿನ ಕೊಳವೆಯೇ ತನ್ನ ಭಾರ ಹೊರುತ್ತದೆ ಅಂತ ಮಾರುವವರು ಹೇಳುತ್ತಾರೆ. ಬೇಸಿಗೆಯಲ್ಲಿ ನಿಜ. ಮಳೆಗಾಲದಲ್ಲಿ ಆ ರಟ್ಟು ಮೆತ್ತಗಾಗುತ್ತದೆ, ನಡು ಜೋಲುತ್ತದೆ. ಅದಕ್ಕೇ ನಾನು ಒಳಗೆ ಪೈಪು ತೂರಿಸುತ್ತೇನೆ. ಎರಡು ಪ್ಲಗ್‌ಗೆ ಜಾಗ ಬಿಟ್ಟು ಅಷ್ಟು ಗಿಡ್ಡ ಕತ್ತರಿಸಬೇಕು.

ಯಾವ ಪೈಪು? ಪಿವಿಸಿ ಒಂದಿಂಚಿನದ್ದು ಹಾಕಿ ನೋಡಿದೆ, ಅದೇ ಬಾಳೆ ದಿಂಡಿನ ಹಾಗೆ ಬಾಗಿತು. ಒಂದಿಂಚಿನ ಜಿಐ ಪೈಪು ಬಾಗುವುದಿಲ್ಲ, ಆದರೆ ಮೀಟರಿಗೆ ಸುಮಾರು ಎರಡೂವರೆ ಕೆಜಿ. ಪೇಪರಿಗಿಂತ ಪೈಪೇ ಭಾರ. ನನಗೆ ಸರಿ ಬಂದದ್ದು ಒಂದೂವರೆ ಇಂಚಿನ ಅಲ್ಯೂಮಿನಿಯಂ ಪೈಪು, 2 ಮಿ.ಮೀ. ದಪ್ಪದ್ದು. ಪೂರ್ತಿ ಉದ್ದಕ್ಕೂ ಎರಡು ಕೆಜಿ ಬರಲಿಲ್ಲ. ಪೈಪಿನ ಸುತ್ತಳತೆ ದೊಡ್ಡದಾದಷ್ಟೂ ಬಾಗುವುದು ಕಡಿಮೆ. ರಟ್ಟಿನ ಕೊಳವೆಯ ಒಳಗಳತೆ ಸುಮಾರು ಎರಡಿಂಚು ಇರುತ್ತದೆ, ಕಂಪನಿಯಿಂದ ಕಂಪನಿಗೆ ಸ್ವಲ್ಪ ಬದಲು. ಪೈಪಿಗೆ ಮೂರು ಕಡೆ ಬಟ್ಟೆಯ ಟೇಪ್ ಸುತ್ತಿ ಬಿಗಿಯಾಗಿ ಕೂರುವಂತೆ ಮಾಡಿ.

ಬಿದಿರು ಗಳ ಹಾಕಿದರೆ ಆಗಲ್ವಾ ಅಂತ ಊರ ಕಡೆಯವರು ಕೇಳುತ್ತಾರೆ. ಬಟ್ಟೆಯ ಪರದೆಗೆ ಆಗುತ್ತದೆ, ಚೆನ್ನಾಗಿಯೇ ಆಗುತ್ತದೆ. ಪೇಪರಿಗೆ ಬೇಡ. ಗಿಣ್ಣು ಗಿಣ್ಣಿಗೂ ಕೊಳವೆ ತಾಗಿ ರೋಲ್ ದಡಬಡ ಅಂತ ತಿರುಗುತ್ತದೆ.

ಹೆಂಚಿನ ಮನೆಯಾದರೆ ಮೇಲೆ ನೋಡಿ

ತೀರ್ಥಹಳ್ಳಿ ಕಡೆಯ ನನ್ನ ಸ್ನೇಹಿತ ಮನೆಯ ಜಗಲಿಯನ್ನೇ ಸ್ಟುಡಿಯೋ ಮಾಡಿಕೊಂಡಿದ್ದಾನೆ. ಮಣ್ಣಿನ ಗೋಡೆ, ಮೇಲೆ ಮಂಗಳೂರು ಹೆಂಚು. ಆ ಗೋಡೆಯಲ್ಲಿ ಕ್ಯಾಲೆಂಡರಿನ ಮೊಳೆಯೇ ನಿಲ್ಲುವುದಿಲ್ಲ. ಆದರೆ ಮೇಲೆ ನೂರಾರು ಕೆಜಿ ಹೊತ್ತ ತೊಲೆ ಇದೆ. ಮೊದಲು ಉಯ್ಯಾಲೆ ಹಾಕುತ್ತಿದ್ದ ಎರಡು ಕಬ್ಬಿಣದ ಬಳೆಯೂ ಅದರಲ್ಲಿದ್ದವು. ಅವುಗಳ ನಡುವೆ ನಾಲ್ಕಡಿ ಮಾತ್ರ. ನಮಗೆ ಬೇಕಿದ್ದುದು ಒಂಬತ್ತೂವರೆ ಅಡಿ. ಒಂದು ಹಳೆಯ ಬಳೆ ಇಟ್ಟುಕೊಂಡು ಇನ್ನೊಂದನ್ನು ಹೊಸದಾಗಿ ಹಾಕಿಸಿದೆವು.

ಪಕಾಸಿಗೆ ಕಟ್ಟಬೇಡಿ. ಅದು ಇಳಿಜಾರು, ಜೊತೆಗೆ ಹೆಂಚಿನ ಭಾರವೇ ಅದಕ್ಕೆ ಸಾಕಷ್ಟಿದೆ. ತೊಲೆಯೇ ಸರಿ. ಇಳಿಬಿಡಲು ಹಗ್ಗಕ್ಕಿಂತ ಸರಪಳಿ ಒಳ್ಳೆಯದು. ತೆಂಗಿನ ಹಗ್ಗ ಥಂಡಿಗೆ ಬಿಗಿಯುತ್ತದೆ, ಬಿಸಿಲಿಗೆ ಸಡಿಲವಾಗುತ್ತದೆ. ನೈಲಾನ್ ನಿಧಾನಕ್ಕೆ ಉದ್ದವಾಗುತ್ತದೆ. ಸರಪಳಿಯಲ್ಲಿ ಒಂದೊಂದು ಕೊಂಡಿ ಹೆಚ್ಚುಕಡಿಮೆ ಮಾಡಿ ಮಟ್ಟ ಸರಿಮಾಡಬಹುದು. ಗಾಳಿಗೆ ಪೈಪು ತೂಗದ ಹಾಗೆ ಎರಡೂ ತುದಿಯಿಂದ ಹಿಂದಿನ ಕಂಬಕ್ಕೆ ದಾರ ಕಟ್ಟಿ.

ಇಲ್ಲಿನ ನಿಜವಾದ ತಲೆನೋವು ಮೇಲಿನಿಂದ ಬೀಳುವುದು. ಧೂಳು, ಹಲ್ಲಿ ಹಿಕ್ಕೆ, ಒಡೆದ ಹೆಂಚಿನ ಹನಿ. ಅವನು ಆರಿಂಚಿನ ಪಿವಿಸಿ ಪೈಪನ್ನು ಉದ್ದಕ್ಕೆ ಎರಡು ಸೀಳಿ, ಅರ್ಧವನ್ನು ರೋಲಿನ ಮೇಲೆ ಮಾಡಿನಂತೆ ಕವುಚಿ ಹಾಕಿದ್ದಾನೆ. ನೋಡಲು ಅಂದವಿಲ್ಲ. ಮೂರು ಮಳೆಗಾಲ ಕಳೆದರೂ ಪೇಪರ್ ಮೇಲೆ ಒಂದು ಕಲೆ ಇಲ್ಲ.

ಮೋಟರ್

ರಿಮೋಟ್ ಒತ್ತಿದರೆ ಇಳಿಯುವ ಮೋಟರ್ ಸೆಟ್ ನೋಡಲು ಚಂದ. ಸೀಲಿಂಗ್ ಹನ್ನೆರಡು ಅಡಿ ಮೇಲಿದ್ದು, ದಿನಕ್ಕೆ ಹತ್ತಿಪ್ಪತ್ತು ಸಲ ಬಣ್ಣ ಬದಲಿಸುವವರು ತೆಗೆದುಕೊಳ್ಳಲಿ. ಉಳಿದವರಿಗೆ ಬೇಡ. ಜೂನ್ ಬಂದರೆ ನಮ್ಮಲ್ಲಿ ಕರೆಂಟ್ ಹೇಗಿರುತ್ತದೆ ಅಂತ ಹೇಳಬೇಕಾ? ಅರ್ಧ ಇಳಿದ ಪೇಪರ್ ಮುಂದೆ ಗಿರಾಕಿಯನ್ನು ಕೂರಿಸಿಕೊಂಡು ಕಾಯಬೇಕು. ಕೆಟ್ಟರೆ ರಿಪೇರಿಗೆ ಬೆಂಗಳೂರಿಗೇ ಕಳಿಸಬೇಕು. ಚೈನಿಗೆ ಕರೆಂಟ್ ಬೇಡ.

ಮಳೆಗಾಲ

ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿ.ಮೀ. ದಾಟಿ ಮಳೆ. ಶಿವಮೊಗ್ಗ ಪೇಟೆಯಲ್ಲಿ ಅಷ್ಟಿಲ್ಲ, ಆದರೆ ಜುಲೈನ ಗಾಳಿಯಲ್ಲಿ ಥಂಡಿಗೇನೂ ಕೊರತೆಯಿಲ್ಲ. ಕಾಗದ ಆ ಥಂಡಿ ಕುಡಿದು ಅಗಲವಾಗುತ್ತದೆ. ಎರಡು ತುದಿಯಲ್ಲಿ ಹಿಡಿದಿಟ್ಟಿರುವುದರಿಂದ ಹೋಗಲು ಜಾಗವಿಲ್ಲದೆ ಉದ್ದುದ್ದ ಅಲೆಯಾಗಿ ಏಳುತ್ತದೆ. ರಾತ್ರಿ ಇಳಿಬಿಟ್ಟು ಹೋದ ಪೇಪರ್ ಬೆಳಿಗ್ಗೆ ನೋಡಿದರೆ ಸಂಡಿಗೆಯ ಹಾಗೆ ಆಗಿರುತ್ತದೆ. ಅದಕ್ಕೆ ಯಾವ ಸ್ಟ್ಯಾಂಡೂ, ಯಾವ ಕೊಕ್ಕೆಯೂ ಮದ್ದಲ್ಲ. ಕೆಲಸ ಮುಗಿದ ತಕ್ಷಣ ಸುತ್ತಿ, ಕ್ಲ್ಯಾಂಪ್ ಹಾಕಿ. ರೆಡ್ ಆಕ್ಸೈಡ್ ನೆಲದಲ್ಲಿ ಕೆಳಗಿನಿಂದಲೂ ಥಂಡಿ ಬರುತ್ತದೆ, ಪೇಪರ್ ಕೆಳಗೆ ತೆಳು ಪ್ಲೈವುಡ್ ಹಾಸಿ.

ಕೊಕ್ಕೆ ಆರಿಸುವಾಗ ಇದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ: ರೋಲ್ ಎಷ್ಟು ಸುಲಭವಾಗಿ ಕೆಳಗಿಳಿಸಬಹುದು? ಬಳಸದ ಬಣ್ಣಗಳನ್ನು ನಾನು ಜೂನ್ ಮೊದಲ ವಾರ ಇಳಿಸಿ, ಬಂದ ಪ್ಲಾಸ್ಟಿಕ್ ಕವರಿನಲ್ಲೇ ಹಾಕಿ ಬಾಯಿ ಕಟ್ಟಿ ಮೂಲೆಯಲ್ಲಿ ನಿಲ್ಲಿಸುತ್ತೇನೆ. ಮಲಗಿಸಿದರೆ ಕೆಳಗಿನ ಬದಿ ಚಪ್ಪಟೆಯಾಗುತ್ತದೆ, ಓರೆ ಒರಗಿಸಿದರೆ ಬಾಗುತ್ತದೆ. ನೆಟ್ಟಗೆ ನಿಲ್ಲಬೇಕು, ಅದೂ ಅಡಿಕೆ ಚೀಲ ಇಟ್ಟ ಹಾಗೆ ಹಲಗೆ ಮೇಲೆ. ನನ್ನ ಸೀಲಿಂಗ್ ಎತ್ತರ 9 ಅಡಿ 2 ಇಂಚು. ರೋಲ್ 8 ಅಡಿ 11 ಇಂಚು. ಕೆಳಗಿನ ಹಲಗೆ 2 ಇಂಚು. ಮೇಲೆ ಒಂದಿಂಚು ಉಳಿಯುತ್ತದೆ. ಆರ್ಡರ್ ಮಾಡುವ ಮೊದಲು ನಿಮ್ಮ ಮೂಲೆಗೂ ಒಂದು ಸಲ ಟೇಪ್ ಹಿಡಿಯಿರಿ. ಹಾಗೇ ಮೆಟ್ಟಿಲಿಗೂ.